‘ಎ4 ಅಂದ್ರ ಎ ಕ್ಲಾಸೇ’ ಅಂತಾರಲ್ಲ, ನಿಜವೇ?

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ಅಲ್ಲಿನ ಪಟ್ಟಣವೊಂದರ ಒಂದು ವರ್ಷದ ಸಾಲಪತ್ರಕ್ಕೆ ‘ಎಂಐಜಿ 1’ ರೇಟಿಂಗ್ ಇದೆ, ಕೊಳ್ಳಲೇ ಎಂದು ಅಳಿಯ ಕೇಳುತ್ತಿದ್ದಾನೆ. ಇಲ್ಲಿ ಏಜೆಂಟರೊಬ್ಬರು ಕಂಪನಿಯೊಂದರ ‘ಎ4’ ರೇಟಿಂಗಿನ ಸಾಲಪತ್ರ ತೋರಿಸಿ, ‘ಎ ಅಂದ್ರ ಎ ಕ್ಲಾಸೇ ಸರ್’ ಅಂದರು. ಎರಡೂ ಒಂದೇ ಏನ್ರಿ? ನಮ್ಮ ಪಾಲಿಕೆಯೂ ಹೀಗೆ ಸಾಲ ಎತ್ತಬಹುದೇ?
– ನಿವೃತ್ತ ಉಪನ್ಯಾಸಕ, ಕಲಬುರಗಿ

ಉತ್ತರ: ಮೊದಲು ಏಜೆಂಟರಿಗೆ ನಮಸ್ಕಾರ ಹೇಳಿ ಕಳಿಸಿಬಿಡಿ. ನಮ್ಮಲ್ಲಿ ಒಂದು ವರ್ಷದೊಳಗಿನ ಸಾಲಕ್ಕೆ ಎ1ರಿಂದ ಎ4ರವರೆಗೆ ದರ್ಜೆ (ರೇಟಿಂಗ್), ಕೊನೆಗೆ ಡಿ. 2011ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ, ದರ್ಜೆ ಕೊಡುವ ಎಲ್ಲ ಏಜೆನ್ಸಿಗಳಿಗೂ ಒಂದೇ ಬಗೆಯ ಚಿಹ್ನೆ ಗೊತ್ತುಮಾಡಿತು. ಎ1 ಪ್ಲಸ್ ಎಲ್ಲಕ್ಕಿಂತ ಮೇಲು. ಹೂಡಿಕೆಗೆ ಯೋಗ್ಯವೆನ್ನುವುದು ಎ3ಕ್ಕೇ ಮುಗಿಯಿತು. ಎ4 ಅಂದರೆ ಗಡುವಿಗೆ ಹಣ ಬರುವ ಖಾತರಿ ತೀರಾ ಕಡಿಮೆ, ಅದರ ಕೆಳಗಿರುವುದು ಸುಸ್ತಿಯಾದವರ ಡಿ ಒಂದೇ. ದೀರ್ಘಾವಧಿ ಪಟ್ಟಿಯಲ್ಲಿ ಬರುವ ಬರೀ ‘ಎ’ ಬೇರೆಯೇ ದರ್ಜೆ.

ಎಂಐಜಿ ಎಂಬುದು ದರ್ಜೆ ಕೊಡುವ ಮೂಡೀಸ್ ಸಂಸ್ಥೆ ಅಮೆರಿಕದ ಸ್ಥಳೀಯ ಸಂಸ್ಥೆಗಳ ಅಲ್ಪಾವಧಿ ಸಾಲಕ್ಕೆಂದೇ ಇಟ್ಟಿರುವ ಅಳತೆ. 1, 2, 3 ಹೂಡಿಕೆಗೆ ಸರಿ. ‘ಎಸ್‌ಜಿ’ ಇದ್ದರೆ ಜೂಜು. ಇಂಥದ್ದೇ ಇನ್ನೊಂದು ಸಂಸ್ಥೆ ಎಸ್ ಅಂಡ್ ಪಿಯವರ ಅಳತೆ ಎಸ್‌ಪಿ-1, 2, 3; ಅದರಲ್ಲಿ ಮಾತ್ರ 3 ಅಂದರೇ ಜೂಜು. ನಮ್ಮ ಎ1 ಭಾರತದೊಳಗಿನ ಹೋಲಿಕೆ, ಹೀಗಾಗಿ ಇವೆರಡನ್ನು ಪಕ್ಕಪಕ್ಕ ಇಟ್ಟು ತೂಗಬೇಡಿ.

ಇಂಥ ಸಾಲಕ್ಕೆ ಊರು ಎಷ್ಟು ಶ್ರೀಮಂತ ಎಂಬುದಕ್ಕಿಂತ ಆ ತಾರೀಖಿಗೆ ಹಣ ಕೈಗೆ ಬರುತ್ತದೆಯೇ ಎಂಬುದೇ ದೊಡ್ಡದು. ತೊಗರಿ ಮೇಲೆ ಮುಂಗಡ ಕೊಡುವ ನಮ್ಮ ಗಂಜಿನ ಅಡತಿಯವರು ಹೊಲ ಎಷ್ಟು ಎಕರೆ ಅಂತ ಕೇಳಿ ಸುಮ್ಮನಾಗುವುದಿಲ್ಲ. ಮಾಲು ಯಾವಾಗ ಗಂಜಿಗೆ ಬರುತ್ತದೆ, ಬೇರೆಯವರ ಸಾಲವೂ ಅದರ ಮೇಲಿದೆಯೇ ಎಂದು ವಿಚಾರಿಸುತ್ತಾರೆ. ಅಳಿಯನೂ ಅದನ್ನೇ ಕೇಳಬೇಕು. ಬರಲಿರುವ ತೆರಿಗೆಯಿಂದ ತೀರಿಸುವ ಪತ್ರವೋ, ಮುಂದೆ ದೊಡ್ಡ ಬಾಂಡ್ ಮಾರಿ ತೀರಿಸುವ ಪತ್ರವೋ? ಎರಡನೆಯದರಲ್ಲಿ ಆ ಹೊತ್ತಿಗೆ ಮಾರುಕಟ್ಟೆ ಮುಖ ತಿರುಗಿಸಿದರೆ ಕಷ್ಟ. 1975ರಲ್ಲಿ ನ್ಯೂಯಾರ್ಕ್ ನಗರ ಹೀಗೇ ಸಿಕ್ಕಿಬಿತ್ತು: ಹಳೆಯ ಪತ್ರ ತೀರಿಸಲು ಹೊಸ ಪತ್ರ ಮಾರುತ್ತಿದ್ದ ಊರಿಗೆ ಬ್ಯಾಂಕುಗಳು ಬಾಗಿಲು ಹಾಕಿದವು.

ದರ್ಜೆಯನ್ನೇ ನಂಬಿ ಕೂರುವಂತೆಯೂ ಇಲ್ಲ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಶ್ರೀಮಂತ ಪ್ರದೇಶ, 1994ರಲ್ಲಿ ಅದರ ಅಲ್ಪಾವಧಿ ಪತ್ರಗಳಿಗೆ ಉನ್ನತ ದರ್ಜೆ ಇತ್ತು. ಅದರ ಖಜಾಂಚಿ ಸಾಲ ತಂದು ಬಡ್ಡಿದರದ ಏರಿಳಿತದ ಮೇಲೆ ಪಣ ಕಟ್ಟಿದ್ದ. ಅದೇ ಡಿಸೆಂಬರಿನಲ್ಲಿ ಕೌಂಟಿ ದಿವಾಳಿ ಅರ್ಜಿ ಹಾಕಿತು. ಪತ್ರ ಹಿಡಿದವರು ಹಣಕ್ಕಾಗಿ ಗಡುವು ದಾಟಿ ಮತ್ತೊಂದು ವರ್ಷ ಕಾಯಬೇಕಾಯಿತು.

ಇನ್ನು ನಮ್ಮ ಪಾಲಿಕೆ. ಸಾಲ ಎತ್ತಲು ರಾಜ್ಯ ಸರ್ಕಾರದ ಅನುಮತಿ ಬೇಕು. ಬೆಂಗಳೂರು ಪಾಲಿಕೆ 1997ರಲ್ಲಿ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿ ಬಾಂಡ್ ತಂದಿತ್ತು. ಮರುವರ್ಷ ಅಹಮದಾಬಾದ್ ಖಾತರಿ ಇಲ್ಲದೆಯೇ 100 ಕೋಟಿ ಎತ್ತಿತು. ಅವೆಲ್ಲ ಹಲವು ವರ್ಷದ ಬಾಂಡುಗಳು. ಕಲಬುರಗಿಯಂಥ ಊರು ಅಲ್ಪಾವಧಿ ಸಾಲಕ್ಕೆ ಹೋದರೆ ಏಜೆನ್ಸಿಯವರು ಮೊದಲು ನೋಡುವುದು ಆಸ್ತಿ ತೆರಿಗೆ ವಸೂಲಿಯನ್ನು ಮತ್ತು ಅನುದಾನದ ಕಂತು ಯಾವ ತಿಂಗಳು ಖಾತೆಗೆ ಬೀಳುತ್ತದೆ ಎಂಬುದನ್ನು. ರಿಯಾಯಿತಿಯ ಆಸೆಗೆ ನಾವೆಲ್ಲ ಏಪ್ರಿಲ್‌ನಲ್ಲಿ ತೆರಿಗೆ ಕಟ್ಟಿ ಬರುತ್ತೇವೆ, ಪೌರಕಾರ್ಮಿಕರ ಸಂಬಳ ಮಾತ್ರ ಪ್ರತಿ ತಿಂಗಳೂ ಆಗಬೇಕು.

ನಿಮ್ಮ ನಿವೃತ್ತಿ ಹಣದ ಬಗ್ಗೆ: ಬ್ಯಾಂಕ್ ಠೇವಣಿಗೆ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಏಜೆಂಟರ ಎ4 ಪತ್ರಕ್ಕೆ ಅದೂ ಇಲ್ಲ.