ರಣಜಿ ಆಡದೆ ಕೋಚ್ ಆಗಬಹುದಾ?

ರಣಜಿ ಆಡಿಲ್ಲ, ಕಲಬುರಗಿಯ ಶಾಲೆಯಲ್ಲಿ ಕೆಲಸ ಮಾಡುತ್ತಾ ಕ್ರಿಕೆಟ್ ಕೋಚ್ ಆಗಬಹುದಾ, ಮುಂದೆ ಪ್ರಿನ್ಸಿಪಾಲ್ ಆಗಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗಬಹುದು ಸರ್. ಸಚಿನ್‌ಗೆ ಕಲಿಸಿದ ರಮಾಕಾಂತ್ ಅಚ್ರೇಕರ್ ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ. 1990ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಆದರೆ ಬರೀ ಬಿ.ಪಿ.ಇಡಿ (ದೈಹಿಕ ಶಿಕ್ಷಣದ ಪದವಿ) ಮಾಡಿದರೆ ಪಿಟಿ ಮಾಸ್ತರಾಗಿಯೇ ಉಳಿಯಬಹುದು. ಪ್ರಿನ್ಸಿಪಾಲರ ಕುರ್ಚಿ ಮೇಲೆ ಕಣ್ಣಿದ್ದರೆ ಬಿ.ಇಡಿಯನ್ನೂ ಮಾಡಿಕೊಳ್ಳಿ. ಕುರ್ಚಿ ಸಿಕ್ಕ ಮೇಲೆ ಮೈದಾನಕ್ಕಿಳಿಯಲು ಪುರುಸೊತ್ತು ಸಿಗಲ್ಲ, ಅದು ಬೇರೆ ಮಾತು! ನಮ್ಮ ಜಿಲ್ಲೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ರಾಯಚೂರು ವಲಯಕ್ಕೆ ಬರುತ್ತದೆ. ಕೋಚಿಂಗ್ ಪರೀಕ್ಷೆಯ ವಿಚಾರ ಅಲ್ಲೇ ಕೇಳಿ. ಅಲ್ಲಿಯವರೆಗೆ ಸುಮ್ನೆ ಕೂರಬೇಡಿ, ಕಲಬುರಗಿಯ ಎನ್‌ವಿ (ನೂತನ ವಿದ್ಯಾಲಯ) ಮೈದಾನದಲ್ಲಿ ಹುಡುಗರಿಗೆ ಬೌಲಿಂಗ್ ಹಾಕಿ. ಏಪ್ರಿಲ್‌ನಲ್ಲಾದರೆ ಬೆಳಗ್ಗೆ 6ಕ್ಕೇ ಶುರು ಮಾಡಿ, 8ರ ಮೇಲೆ ನಮ್ಮೂರ ಬಿಸಿಲು ನಿಲ್ಲಗೊಡಲ್ಲ.