ಅಡ್ರೆಸ್ ಬಾರ್‌ನಿಂದಲೇ ನೇರವಾಗಿ ತುಳು ವಿಕಿಪೀಡಿಯದಲ್ಲಿ ಹುಡುಕಬಹುದೇ?

ಆಗುತ್ತದೆ ಮಾರಾಯ್ರೆ. ಅದಕ್ಕಾಗಿ ಗೂಗಲನ್ನು ತೆಗೆದುಹಾಕಬೇಕಾಗಿಲ್ಲ, ಅದರ ಪಕ್ಕದಲ್ಲಿ ತುಳು ವಿಕಿಪೀಡಿಯವನ್ನೂ ಸೇರಿಸಿದರೆ ಸಾಕು.

ಕಂಪ್ಯೂಟರಿನ ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸರ್ಚ್ ಎಂಜಿನ್, ಅದರೊಳಗೆ ಸೈಟ್ ಸರ್ಚ್‌ಗೆ ಹೋಗಿ 'ಆ್ಯಡ್' ಒತ್ತಿ. ಮೂರು ಖಾಲಿ ಜಾಗ ಬರುತ್ತವೆ: ಹೆಸರು, ಶಾರ್ಟ್‌ಕಟ್, ಯುಆರ್‌ಎಲ್ (ಅಂದರೆ ಪುಟದ ವಿಳಾಸ). ಶಾರ್ಟ್‌ಕಟ್ ಚಿಕ್ಕದಿರಲಿ. ನಾನು ಟಿ, ಯು ಎಂಬ ಎರಡೇ ಇಂಗ್ಲಿಷ್ ಅಕ್ಷರ ಇಟ್ಟಿದ್ದೇನೆ.

ಎಲ್ಲರೂ ಎಡವುವುದು ಯುಆರ್‌ಎಲ್‌ನಲ್ಲಿ. ಮೊದಲು ತುಳು ವಿಕಿಪೀಡಿಯಕ್ಕೆ ಹೋಗಿ ಸುಮ್ನೆ ಮೂರು ಇಂಗ್ಲಿಷ್ 'ಕ್ಯೂ' ಹಾಕಿ ಹುಡುಕಿ. ಉಡುಪಿ ಅಂತ ಹಾಕಬೇಡಿ. ಆ ಹೆಸರಿನ ಲೇಖನವಿದ್ದರೆ ನೇರ ಅದೇ ತೆರೆದುಕೊಳ್ಳುತ್ತದೆ. ಮೇಲಾಗಿ ಕಾಪಿ ಮಾಡಿದಾಗ ಕನ್ನಡ ಅಕ್ಷರಗಳು ಶೇಕಡಾ ಚಿಹ್ನೆಗಳ ಸಾಲಾಗಿಬಿಡುತ್ತವೆ, ಪದ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ. ಫಲಿತಾಂಶ ಬಂದ ಪುಟದ ವಿಳಾಸ ಕಾಪಿ ಮಾಡಿ, ಯುಆರ್‌ಎಲ್ ಜಾಗದಲ್ಲಿ ಪೇಸ್ಟ್ ಮಾಡಿ, ಆ ಮೂರು ಕ್ಯೂ ಅಳಿಸಿ, ಅಲ್ಲಿ ಶೇಕಡಾ ಚಿಹ್ನೆ ಮತ್ತು ಸಣ್ಣ 'ಎಸ್' ಅಂಟಿಸಿ ಬರೆಯಿರಿ. ನಡುವೆ ಸ್ಪೇಸ್ ಬೇಡ. ನೀವು ಹುಡುಕುವ ಪದ ಬಂದು ಕೂರುವ ಜಾಗ ಅದು.

ಈಗ ಅಡ್ರೆಸ್ ಬಾರ್‌ನಲ್ಲಿ ಶಾರ್ಟ್‌ಕಟ್ ಬರೆದು ಟ್ಯಾಬ್ ಒತ್ತಿ, 'ಪತ್ರೊಡೆ' ಎಂದು ಟೈಪ್ ಮಾಡಿ ಎಂಟರ್ ಕೊಡಿ.

ಮೊಬೈಲ್ ಕ್ರೋಮ್‌ನಲ್ಲಿ ಮಾತ್ರ ಹೀಗೆ ಕೈಯಾರೆ ಸೇರಿಸಲು ಜಾಗವೇ ಇಲ್ಲ.