ದಿನಾ ಬೆಳಿಗ್ಗೆ ಆರೂವರೆಗೆ ಸುಸ್ತಾಗುತ್ತಿದ್ದ ಸರ್ವರ್

ದಿನಾ ಒಂದೇ ಹೊತ್ತಿಗೆ ಸಿಪಿಯು ನೂರಕ್ಕೆ ಏರುತ್ತೆ, ಆಗಲೇ ಜನರೂ ಜಾಸ್ತಿ, ದೊಡ್ಡ ಸರ್ವರ್ ತಗೊಂಡ್ರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಹಾಗೆ ಅಂದುಕೊಂಡು ದುಡ್ಡು ಕಟ್ಟಿ ಕೂತವನು ನಾನು.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಮಂಡ್ಯ ಜಿಲ್ಲೆ ಮದ್ದೂರು ಕಡೆಯ ಕೆಲವು ಹಳ್ಳಿ ಡೈರಿಗಳಿಗೆ ಹಾಲಿನ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) ಹಾಕಿದರೆ ರೇಟು ಹಾಕಿ ಚೀಟಿ ಕೊಡುತ್ತೆ, ಅಷ್ಟೇ. ಎಲ್ಲಾ ಡೈರಿಗೂ ಸೇರಿ ಬಾಡಿಗೆಯ ಒಂದು ಲಿನಕ್ಸ್ ಸರ್ವರ್, ಎರಡು ಕೋರ್. ತಿಂಗಳುಗಟ್ಟಲೆ ತಕರಾರಿಲ್ಲದೆ ಓಡಿತು. ಆಮೇಲೆ ಬೆಳಿಗ್ಗೆ ಹೊತ್ತು ಚೀಟಿ ಬರುವುದು ನಿಧಾನವಾಯಿತು. ಹಾಲು ಹಾಕುವವರು ಜಾಸ್ತಿ ಆಗಿರಬೇಕು ಅಂತ ಎರಡು ಕೋರ್ ಇದ್ದದ್ದನ್ನು ನಾಲ್ಕು ಮಾಡಿಸಿದೆ. ನಾಲ್ಕು ದಿನ ಪರವಾಗಿಲ್ಲ ಅನ್ನಿಸಿತು, ಮತ್ತೆ ಅದೇ ಕಥೆ.

ಫೋನಿನ ಕಾಟ ತಡೆಯಲಾರದೆ ಒಂದು ದಿನ ಬೆಳಗಿನ ಜಾವ ಬೈಕ್ ಹತ್ತಿ ಹೋಗಿ ಡೈರಿಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಆರೂಕಾಲಿಗೇ ಬಾಗಿಲಾಚೆ ಕ್ಯಾನು ಹಿಡಿದವರ ಸಾಲು. ಲೋಡ್ (ಸಿಪಿಯುಗಾಗಿ ಸಾಲಲ್ಲಿರುವ ಕೆಲಸಗಳ ಲೆಕ್ಕ) ಮಾತ್ರ ಒಂದನ್ನೂ ಮುಟ್ಟಿರಲಿಲ್ಲ. ಆರೂವರೆ ಆಯಿತು ನೋಡಿ, ಮೆಟ್ಟಿಲು ಹತ್ತಿದ ಹಾಗೆ ನಿಮಿಷಕ್ಕಿಷ್ಟು ಏರತೊಡಗಿತು. ಏಳರ ಹೊತ್ತಿಗೆ ಇಪ್ಪತ್ತು ದಾಟಿತ್ತು. ನಾಲ್ಕು ಕೋರ್ ಅಂದರೆ ನಾಲ್ಕು ತಕ್ಕಡಿ ಅಂದುಕೊಳ್ಳಿ, ಅಳೆಸಿಕೊಳ್ಳೋಕೆ ಬಂದು ನಿಂತವರು ಇಪ್ಪತ್ತು ಜನ. ಪ್ರಿಂಟರ್ ಅರ್ಧ ಚೀಟಿ ಉಗುಳಿ ನಿಂತಿತು. ಒಬ್ಬರು ಅಜ್ಜಿ ಇಣುಕಿ, "ಇನ್ನೂ ನಿದ್ದೆಗಣ್ಣಲ್ಲೈತೇನಪ್ಪಾ ನಿನ್ ಮಿಸನ್ನು?" ಅಂದರು.

ಸುಳಿವು ಕೊಟ್ಟಿದ್ದು ಅಲ್ಲಿನ ಸೆಕ್ರೆಟರಿ. "ಸಂಜೆನೂ ಹೆಚ್ಚುಕಮ್ಮಿ ಇಷ್ಟೇ ಹಾಲು ಬತ್ತದೆ ಸಾರ್, ಆಗೇನೂ ಆಗಲ್ವಲ್ಲ?"

ಹೌದಲ್ವಾ! ಇಷ್ಟು ದಿನ ಗ್ರಾಫ್ ನೋಡಿ ನೋಡಿ ಸವೆಸಿದ್ದೆ, ಇದು ಹೊಳೆದಿರಲಿಲ್ಲ. ಯಾವ ಪ್ರೋಗ್ರಾಂ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ 'ಟಾಪ್' ಕಮಾಂಡ್ ಹಾಕಿದರೆ ನನ್ನ ಸಾಫ್ಟ್‌ವೇರ್ ಎಲ್ಲೋ ಕೆಳಗೆ ಬಿದ್ದಿದೆ. ಮೇಲೆಲ್ಲಾ ಜಿಜಿಪ್, ಜಿಜಿಪ್, ಜಿಜಿಪ್. ಬ್ಯಾಕಪ್ ಒತ್ತುವ ಪ್ರೋಗ್ರಾಂ. ಕ್ರಾನ್‌ಟ್ಯಾಬ್ ತೆರೆದೆ. ಯಾವ ಕೆಲಸ ಯಾವ ಹೊತ್ತಿಗೆ ತಾನಾಗಿ ಓಡಬೇಕು ಅಂತ ಬರೆದಿಡುವ ಪಟ್ಟಿ ಅದು. ಬ್ಯಾಕಪ್ ಸಾಲಿನ ಮುಂದೆ ಹೀಗಿತ್ತು:

* 1 * * *

ರಾತ್ರಿ ಒಂದು ಗಂಟೆಗೆ ಒಂದು ಸಲ ಅಂತ ಬರೆದದ್ದು. ಬರೆದವನು ನಾನೇ, ಬೇರೆ ಯಾರನ್ನು ಬಯ್ಯೋಣ. ಎರಡನೆಯ ಜಾಗ ಗಂಟೆಯದ್ದು, ಮೊದಲ ಜಾಗ ನಿಮಿಷದ್ದು. ಅಲ್ಲಿ 0 ಇರಬೇಕಿತ್ತು. ನಕ್ಷತ್ರ ಇಟ್ಟರೆ ಒಂದು ಗಂಟೆಯ ಪ್ರತಿ ನಿಮಿಷಕ್ಕೂ ಅಂತ ಅರ್ಥ, ಒಟ್ಟು 60 ಸಲ. ಸಾಲದ್ದಕ್ಕೆ ಸರ್ವರ್ ಗಡಿಯಾರ ಯುಟಿಸಿಯಲ್ಲಿತ್ತು, ಅಂದರೆ ಜಗತ್ತಿಗೆಲ್ಲಾ ಒಂದೇ ಆದ ಪ್ರಮಾಣ ಸಮಯದಲ್ಲಿ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದರ ಒಂದು ಗಂಟೆ ನಮಗೆ ಆರೂವರೆ, ಸರಿಯಾಗಿ ಹಾಲು ಹಾಕುವ ಹೊತ್ತು!

ಮೊದಲು ಯಾಕೆ ತೊಂದರೆ ಆಗಲಿಲ್ಲ ಅಂದರೆ, ಆಗ ಡೇಟಾಬೇಸ್ ಚಿಕ್ಕದು. ಒಂದು ಬ್ಯಾಕಪ್ ನಿಮಿಷದೊಳಗೆ ಮುಗಿದು ಹೋಗುತ್ತಿತ್ತು. ಡೇಟಾ ಬೆಳೆದ ಮೇಲೆ ಹಿಂದಿನದು ಮುಗಿಯುವ ಮುಂಚೆ ಮುಂದಿನದು ಶುರು, ಒಂದರ ಮೇಲೊಂದು. ಫೈಲಿನ ಹೆಸರಲ್ಲಿ ಬರೀ ತಾರೀಕು ಇದ್ದದ್ದರಿಂದ ಫೋಲ್ಡರ್‌ನಲ್ಲಿ ದಿನಕ್ಕೆ ಒಂದೇ ಫೈಲ್ ಕಾಣುತ್ತಿತ್ತು. ಅನುಮಾನ ಎಲ್ಲಿಂದ ಬರಬೇಕು? ಎಲ್ಲವೂ ಆ ಒಂದೇ ಫೈಲಿಗೆ ಗುದ್ದಾಡಿಕೊಂಡು ಬರೆಯುತ್ತಿದ್ದವು. ಹಿಂದಿನ ದಿನದ್ದನ್ನು ಬಿಚ್ಚಿ ನೋಡಿದೆ, ಅರ್ಧಕ್ಕೇ ಎರರ್. ಆವಾಗ ನಿಜವಾಗಿ ಬೆವರಿದೆ. ಸಿಪಿಯು ಹಾಳಾಗಿ ಹೋಗಲಿ, ವಾರಗಟ್ಟಲೆ ನಮ್ಮ ಹತ್ತಿರ ನೆಟ್ಟಗಿರುವ ಒಂದು ಬ್ಯಾಕಪ್ಪೂ ಇರಲಿಲ್ಲ.

ಸಾಲನ್ನು 30 19 * * * ಅಂತ ಬದಲಾಯಿಸಿದೆ, ಅಂದರೆ ಯುಟಿಸಿ 19:30, ನಮ್ಮ ಲೆಕ್ಕದಲ್ಲಿ ರಾತ್ರಿ ಒಂದು. ಮುಂದೆ 'ಎಫ್‌ಲಾಕ್' ಸೇರಿಸಿದೆ, ಒಂದು ಓಡುತ್ತಿದ್ದರೆ ಇನ್ನೊಂದು ಶುರುವಾಗಲ್ಲ. ಮರುದಿನ ಸೆಕ್ರೆಟರಿ ಫೋನೇ ಮಾಡಲಿಲ್ಲ. ಕೋರ್ ಮತ್ತೆ ಎರಡಕ್ಕಿಳಿಸಿದೆ.

ನಿಮ್ಮದು ಸರಿಯಾಗಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಶುರುವಾಗುತ್ತೆ? ಸರಿಯಾಗಿ ಅರ್ಧ ಗಂಟೆಗಾದರೆ ಮೊದಲು ಕ್ರಾನ್ ನೋಡಿ, ಯುಟಿಸಿಯಲ್ಲಿ ಅದು ಸರಿ ಗಂಟೆ. ಆ ಹೊತ್ತಿನ 'ಟಾಪ್' ಮೇಲಿನ ಹತ್ತು ಸಾಲು ಇಲ್ಲಿ ಹಾಕಿ, ನೋಡೋಣ.